ಹಳೆಯ ಗರಗಸ ಯಂತ್ರಕ್ಕೆ ಹೊಸ ಭಾಗಗಳು: ಯಾವುದಕ್ಕೆ ಮೊದಲು ಕೈ ಹಾಕಬೇಕು, ಯಾವುದನ್ನು ಬಿಡಬಹುದು

ಮರ ಕೊಯ್ಯುವ ಸರ್ಕ್ಯುಲರ್ ಗರಗಸ ಹಳತಾದಂತೆಲ್ಲ ದೂರು ಬರುವುದು ಮೋಟಾರಿನ ಮೇಲೆ. ಕೊಯ್ತ ಸೊಟ್ಟ ಬಂದರೂ, ಹಲಗೆಯ ಅಂಚು ಕಪ್ಪಾದರೂ, ದಪ್ಪ ಮರದೊಳಗೆ ಬ್ಲೇಡ್ ಸಿಕ್ಕಿ ನಿಂತರೂ ಮೊದಲು ಕೇಳುವ ಮಾತು 'ಎಚ್‌ಪಿ ಸಾಲದು' ಎಂಬುದು. ಹೆಚ್ಚಿನ ಯಂತ್ರಗಳಲ್ಲಿ ಇದು ನಿಜವಲ್ಲ. ಬ್ಲೇಡ್ ಓಲಾಡುತ್ತಾ ತಿರುಗುತ್ತಿದ್ದರೆ ಅದರ ಮೈ ಮರಕ್ಕೆ ಉಜ್ಜುತ್ತದೆ, ಮೋಟಾರಿನ ಶಕ್ತಿಯಲ್ಲಿ ದೊಡ್ಡ ಪಾಲು ಆ ಉಜ್ಜಾಟಕ್ಕೇ ಹೋಗುತ್ತದೆ. ಅಂಥ ಯಂತ್ರಕ್ಕೆ ದೊಡ್ಡ ಮೋಟಾರ್ ಹಾಕಿದರೆ ಅದೇ ಸೊಟ್ಟ ಕೊಯ್ತ ಇನ್ನೂ ಬೇಗ ಬರುತ್ತದೆ, ಅಷ್ಟೆ.

ಇಲ್ಲಿ ಪರಿಶೀಲಿಸಿರುವುದು 300ರಿಂದ 450 ಮಿ.ಮೀ. ಬ್ಲೇಡ್ ಹಾಕುವ, ಬೆಲ್ಟಿನಿಂದ ಓಡುವ, 3ರಿಂದ 7.5 ಎಚ್‌ಪಿ ಮೋಟಾರಿನ ಬೆಂಚ್ ಯಂತ್ರಗಳಿಗೆ ಬಿಡಿಯಾಗಿ ಸಿಗುವ ಅಥವಾ ಲೇತ್ ವರ್ಕ್‌ಶಾಪಿನಲ್ಲಿ ಮಾಡಿಸಿಕೊಳ್ಳಬಹುದಾದ ಸುಧಾರಣಾ ಭಾಗಗಳನ್ನು. ಎಲ್ಲವೂ ಒಂದೇ ತೂಕದವಲ್ಲ. ಕೆಲವು ಯಂತ್ರದ ಗುಣವನ್ನೇ ಬದಲಿಸುತ್ತವೆ, ಕೆಲವು ಕೈಯನ್ನು ಉಳಿಸುತ್ತವೆ, ಇನ್ನು ಕೆಲವು ನೋಟಕ್ಕೆ ಚೆಂದ ಮಾತ್ರ.

ಎಲ್ಲಕ್ಕಿಂತ ಹೆಚ್ಚು ಫಲ ಕೊಡುವುದು ಬ್ಲೇಡನ್ನು ತಿರುಗಿಸುವ ಶಾಫ್ಟ್, ಅದನ್ನು ಹೊರುವ ಬೇರಿಂಗ್, ಬ್ಲೇಡನ್ನು ಎರಡೂ ಬದಿಯಿಂದ ಹಿಡಿಯುವ ಬಿಲ್ಲೆಯಂಥ ಫ್ಲ್ಯಾಂಜ್ ಮೂರೂ ಕೂಡಿದ ಜೋಡಣೆ. ಕಡಿಮೆ ಖರ್ಚಿನ ಯಂತ್ರಗಳಲ್ಲಿ ಶಾಫ್ಟನ್ನು ಎರಡು ಪಿಲ್ಲೋ ಬ್ಲಾಕ್ ಬೇರಿಂಗುಗಳಲ್ಲಿ (ಬೋಲ್ಟಿನಿಂದ ಕೂರಿಸುವ, ತನ್ನದೇ ಹೌಸಿಂಗ್ ಇರುವ ಬೇರಿಂಗು) ಕೂರಿಸಿ, ಗ್ರಬ್ ಸ್ಕ್ರೂ (ತಲೆಯಿಲ್ಲದ ಸಣ್ಣ ತಿರುಪು) ಬಿಗಿದು ಮುಗಿಸಿರುತ್ತಾರೆ. ಈ ಬೇರಿಂಗಿನೊಳಗೆ ಶಾಫ್ಟ್ ಸರಾಗವಾಗಿ ತೂರಲೆಂದು ಸ್ವಲ್ಪ ಸಡಿಲ ಬಿಟ್ಟಿರುತ್ತಾರೆ. ಸ್ಕ್ರೂ ಬಿಗಿದಾಗ ಶಾಫ್ಟ್ ಒಂದು ಬದಿಗೆ ತಳ್ಳಲ್ಪಡುತ್ತದೆ, ಅಂದರೆ ಕೇಂದ್ರ ತಪ್ಪುತ್ತದೆ. ನಿಮಿಷಕ್ಕೆ 2500 ಸುತ್ತಿನ ಕಂಪನಕ್ಕೆ ಸ್ಕ್ರೂ ಸಡಿಲವಾಗಿ ಶಾಫ್ಟಿನ ಮೇಲೆ ಗೀರು ಬೀಳುತ್ತದೆ, ಆಮೇಲೆ ಬೇರಿಂಗ್ ಬಿಚ್ಚಲು ಹೋದರೆ ಆ ಗೀರಿನ ಅಂಚಿಗೆ ಸಿಕ್ಕಿ ಬರುವುದೇ ಇಲ್ಲ. ಧಾನ್ಯ ಸಾಗಿಸುವಂಥ ನಿಧಾನದ ಯಂತ್ರಗಳಿಗೆ ಈ ಬೇರಿಂಗ್ ಒಳ್ಳೆಯದೇ. ಗರಗಸಕ್ಕೆ ಅದು ತಕ್ಕದ್ದಲ್ಲ.

ಬದಲಿಗೆ ಹುಡುಕಬೇಕಾದದ್ದು ಒಂದೇ ಕೊಳವೆಯಂಥ ಹೌಸಿಂಗ್, ಅದರ ಎರಡೂ ತುದಿಯ ಬೇರಿಂಗ್ ಸೀಟುಗಳನ್ನು ಒಂದೇ ಸೆಟ್ಟಿಂಗಿನಲ್ಲಿ, ಅಂದರೆ ನಡುವೆ ಬಿಚ್ಚದೆ, ಬೋರ್ ಮಾಡಿರುವುದು. ಒಳಗೆ 35 ಮಿ.ಮೀ. ಶಾಫ್ಟಿಗೆ 6207 ನಂಬರಿನ ಬೇರಿಂಗ್ ಜೋಡಿ ಸಾಕು. ಎರಡೂ ಬದಿ ರಬ್ಬರ್ ಸೀಲ್ ಇರುವ ಬಗೆಯೇ ಇರಲಿ, ಮರದ ಪುಡಿ ಒಳಗಿಳಿಯುವುದಿಲ್ಲ. 25 ಮಿ.ಮೀ. ಶಾಫ್ಟನ್ನು 35ಕ್ಕೆ ಏರಿಸಿದರೆ ಬಾಗುವುದಕ್ಕೆ ಅದು ಒಡ್ಡುವ ತಡೆ ಸುಮಾರು 3.8 ಪಟ್ಟು ಹೆಚ್ಚುತ್ತದೆ, ಏಕೆಂದರೆ ಬಿಗಿತ ವ್ಯಾಸದ ನಾಲ್ಕನೇ ಘಾತಕ್ಕೆ ಅನುಗುಣ. ಬೇರಿಂಗಿನಿಂದ ಬ್ಲೇಡಿನವರೆಗೆ ಶಾಫ್ಟ್ ಹೊರಚಾಚಿದ ಉದ್ದ ಎಷ್ಟು ಗಿಡ್ಡವೋ ಅಷ್ಟು ಒಳ್ಳೆಯದು. ಆ ಚಾಚು ಇಮ್ಮಡಿಯಾದರೆ ಚಾಚಿದ ಭಾಗದ ಬಾಗು ಎಂಟು ಪಟ್ಟಾಗುತ್ತದೆ.

ಇನ್ನೊಂದು ಸೂಕ್ಷ್ಮ ಇದೆ, ಹಲವರು ಗಮನಿಸುವುದಿಲ್ಲ. ಎರಡೂ ಬೇರಿಂಗುಗಳನ್ನು ಉದ್ದಕ್ಕೆ ಬಿಗಿದು ಹಿಡಿಸಬಾರದು. 500 ಮಿ.ಮೀ. ಶಾಫ್ಟ್ 40 ಡಿಗ್ರಿ ಬಿಸಿಯಾದರೆ ಸುಮಾರು 0.23 ಮಿ.ಮೀ. ಬೆಳೆಯುತ್ತದೆ. ಎರಡೂ ಕಡೆ ಕಟ್ಟಿಹಾಕಿದ್ದರೆ ಆ ಬೆಳವಣಿಗೆಗೆ ಜಾಗವಿಲ್ಲದೆ ಬೇರಿಂಗಿನ ಗುಂಡುಗಳ ಮೇಲೆ ಒತ್ತಡ ಬಿದ್ದು ಅವು ಇನ್ನಷ್ಟು ಬಿಸಿಯಾಗುತ್ತವೆ. ಬ್ಲೇಡಿನ ಬದಿಯ ಬೇರಿಂಗನ್ನು ಭದ್ರವಾಗಿ ಕಟ್ಟಿ, ಪುಲ್ಲಿಯ ಬದಿಯದಕ್ಕೆ ಅರ್ಧ ಮಿಲಿಮೀಟರ್ ಸರಿಯಲು ಎಡೆ ಬಿಡಬೇಕು. ಆಗ ಶಾಫ್ಟ್ ಬೆಳೆದರೂ ಬ್ಲೇಡ್ ತನ್ನ ಜಾಗ ಬಿಡುವುದಿಲ್ಲ, ಮರವನ್ನು ತಾಗಿಸಿ ನೂಕುವ ಗೈಡಿನ ಅಳತೆ ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು ಆಗುವುದಿಲ್ಲ. ಮಾರುವವರನ್ನು ಕೇಳಬೇಕಾದ ಮೊದಲ ಪ್ರಶ್ನೆಯೇ ಇದು: ಯಾವ ಬದಿಯ ಬೇರಿಂಗ್ ಸರಿಯುತ್ತದೆ? ಉತ್ತರ ಬಾರದಿದ್ದರೆ ಆ ಜೋಡಣೆ ಬೇಡ.

ಫ್ಲ್ಯಾಂಜಿನ ವ್ಯಾಸ ಬ್ಲೇಡಿನ ಮೂರನೇ ಒಂದು ಭಾಗದಷ್ಟಾದರೂ ಇರಲಿ, 400ರ ಬ್ಲೇಡಿಗೆ 130 ಮಿ.ಮೀ. ಆಸುಪಾಸು. ಒಳಗಿನದೂ ಹೊರಗಿನದೂ ಒಂದೇ ವ್ಯಾಸದವಾಗಿರಬೇಕು. ಒಂದು ದೊಡ್ಡದು ಒಂದು ಚಿಕ್ಕದಾದರೆ ನಟ್ ಬಿಗಿದಾಗ ಬ್ಲೇಡ್ ತಟ್ಟೆಯಂತೆ ಒಂದು ಕಡೆಗೆ ಬಾಗುತ್ತದೆ. ಮುಖದ ನಡುಭಾಗ ತುಸು ತಗ್ಗಿ, ಹೊರ ಅಂಚಿನ 15–20 ಮಿ.ಮೀ. ಅಗಲದ ಉಂಗುರ ಮಾತ್ರ ಬ್ಲೇಡನ್ನು ಹಿಡಿಯಬೇಕು. ಒಳ ಫ್ಲ್ಯಾಂಜನ್ನು ಶಾಫ್ಟಿಗೆ ಕೂರಿಸಿದ ಮೇಲೆಯೇ ಲೇತಿನಲ್ಲಿ ಫೇಸಿಂಗ್, ಅಂದರೆ ಮುಖವನ್ನು ಸಮತಟ್ಟಾಗಿ ಕೆತ್ತುವ ಕೆಲಸ, ಮಾಡಿರಬೇಕು. ಬೇರೆಯಾಗಿ ಫೇಸಿಂಗ್ ಮಾಡಿ ಆಮೇಲೆ ತೂರಿಸಿದ ಫ್ಲ್ಯಾಂಜ್ ಎಷ್ಟೇ ಹೊಳೆಯುತ್ತಿರಲಿ, ಅದು ಶಾಫ್ಟಿಗೆ ಲಂಬವಾಗಿ ನಿಂತಿದೆ ಎಂಬ ಖಾತರಿ ಇಲ್ಲ.

ಹೊಸ ಜೋಡಣೆ ಕೈಗೆ ಬಂದ ಕೂಡಲೇ ಅಳೆಯಬೇಕು. ಮೇನ್ ಸ್ವಿಚ್ ಆಫ್ ಮಾಡಿ ಫ್ಯೂಸ್ ಕಿತ್ತಿಡಿ. ಮ್ಯಾಗ್ನೆಟ್ ಸ್ಟ್ಯಾಂಡಿನ ಡಯಲ್ ಗೇಜನ್ನು ಟೇಬಲ್ ಮೇಲಿಟ್ಟು ಮುಳ್ಳನ್ನು ಒಳ ಫ್ಲ್ಯಾಂಜಿನ ಅಂಚಿಗೆ ತಾಗಿಸಿ, ಶಾಫ್ಟನ್ನು ಕೈಯಿಂದ ನಿಧಾನ ತಿರುಗಿಸಿ. ವ್ಯತ್ಯಾಸ 0.02 ಮಿ.ಮೀ. ಒಳಗಿದ್ದರೆ ಉತ್ತಮ, 0.05 ದಾಟಿದರೆ ವಾಪಸ್ ಕಳಿಸಬೇಕು. ಇಷ್ಟು ಸಣ್ಣ ಅಂಕಿಗೆ ಇಷ್ಟೇಕೆ ಪಟ್ಟು ಎಂದರೆ, 100 ಮಿ.ಮೀ. ಫ್ಲ್ಯಾಂಜಿನ ಅಂಚಿನಲ್ಲಿ 0.05 ಇರುವ ಓಲು 400 ಮಿ.ಮೀ. ಬ್ಲೇಡಿನ ಹಲ್ಲಿನ ಬಳಿ ನಾಲ್ಕು ಪಟ್ಟಾಗಿ 0.2 ಆಗುತ್ತದೆ. ಕಾರ್ಬೈಡ್ ಹಲ್ಲು ಬ್ಲೇಡಿನ ಮೈಗಿಂತ ಒಂದೊಂದು ಬದಿಗೆ ಹೊರಚಾಚಿರುವುದೇ ಅರ್ಧ ಮಿಲಿಮೀಟರ್ ಸುಮಾರು. ಅದರಲ್ಲಿ 0.2 ಓಲಾಟಕ್ಕೆ ಹೋದರೆ ಮೈ ಉಜ್ಜದೆ ಇನ್ನೇನಾದೀತು?

ಬಳಿಕ ಬ್ಲೇಡ್ ಹಾಕಿ, ಹಲ್ಲಿನ ಬುಡಕ್ಕಿಂತ ಸ್ವಲ್ಪ ಕೆಳಗೆ ಮುಳ್ಳು ತಾಗಿಸಿ ಮತ್ತೆ ತಿರುಗಿಸಿ. ಹೆಚ್ಚು ಹೊರಬರುವ ಜಾಗಕ್ಕೆ ಬ್ಲೇಡಿನ ಮೇಲೂ ಫ್ಲ್ಯಾಂಜಿನ ಮೇಲೂ ಚಾಕ್‌ಪೀಸಿನ ಗುರುತು ಹಾಕಿ. ನಟ್ ಬಿಚ್ಚಿ, ಬ್ಲೇಡನ್ನು ಮಾತ್ರ ಅರ್ಧ ಸುತ್ತು ತಿರುಗಿಸಿ ಮತ್ತೆ ಬಿಗಿದು ಅಳೆಯಿರಿ. ಓಲು ಬ್ಲೇಡಿನ ಗುರುತಿನ ಜೊತೆ ಹೋದರೆ ತಪ್ಪು ಬ್ಲೇಡಿನದು, ಫ್ಲ್ಯಾಂಜಿನ ಗುರುತಿನಲ್ಲೇ ಉಳಿದರೆ ಫ್ಲ್ಯಾಂಜಿನದು. ಈ ಹತ್ತು ನಿಮಿಷದ ಪರೀಕ್ಷೆ ಮಾಡದೆ ಬ್ಲೇಡ್ ಮೇಲೆ ಬ್ಲೇಡ್ ಬದಲಿಸಿದವರು ಬಹಳ. ಅಂದಹಾಗೆ, ದೊಡ್ಡ ತೂತಿನ ಬ್ಲೇಡಿಗೆ ರಿಂಗ್ ಹಾಕಿ ಚಿಕ್ಕ ಶಾಫ್ಟಿಗೆ ಹೊಂದಿಸುವುದಾದರೆ ಆ ರಿಂಗ್ ಬ್ಲೇಡಿನ ಮೈಗಿಂತ ತೆಳ್ಳಗಿರಲೇಬೇಕು. ದಪ್ಪವಾದರೆ ಫ್ಲ್ಯಾಂಜ್ ರಿಂಗನ್ನು ಹಿಡಿಯುತ್ತದೆ, ಬ್ಲೇಡನ್ನಲ್ಲ.

ಪುಲ್ಲಿ–ಬೆಲ್ಟ್ ಸೆಟ್‌ಗಳ ಬಗ್ಗೆ ಹೇಳಬೇಕಾದ್ದು ಮುಖ್ಯವಾಗಿ ಲೆಕ್ಕದ ಮಾತು. ಬ್ಲೇಡಿನ ಅಂಚಿನ ವೇಗ ಸೆಕೆಂಡಿಗೆ 50ರಿಂದ 65 ಮೀಟರ್ ಇದ್ದರೆ ಮರಕ್ಕೆ ಹದ. 1440 ಸುತ್ತಿನ ಮೋಟಾರಿಗೆ 160 ಮಿ.ಮೀ. ಪುಲ್ಲಿ, ಗರಗಸದ ಶಾಫ್ಟಿಗೆ 90 ಮಿ.ಮೀ. ಪುಲ್ಲಿ ಹಾಕಿದರೆ ಶಾಫ್ಟ್ 2560 ಸುತ್ತು ಓಡುತ್ತದೆ. 400ರ ಬ್ಲೇಡಿನ ಅಂಚಿನಲ್ಲಿ ಅದು ಸುಮಾರು 53.6 ಮೀಟರ್. ಅದೇ ಶಾಫ್ಟಿಗೆ 300ರ ಬ್ಲೇಡ್ ಹಾಕಿದರೆ 40ಕ್ಕೆ ಇಳಿಯುತ್ತದೆ, ಕೊಯ್ತ ಒರಟಾಗುತ್ತದೆ. ಬ್ಲೇಡಿನ ಮೇಲೆ ಅಚ್ಚಾಗಿರುವ ಗರಿಷ್ಠ ಸುತ್ತಿನ ಅಂಕಿಯನ್ನು ಯಾವ ಪುಲ್ಲಿ ಲೆಕ್ಕವೂ ಮೀರಬಾರದು. ಸೆಟ್ ಮಾರುವವರು ಮಾಡುವ ಸಾಮಾನ್ಯ ತಪ್ಪು 90ರ ಪುಲ್ಲಿಗೆ ಬಿ ಸೆಕ್ಷನ್ (ದಪ್ಪ ಅಳತೆಯ) ವಿ-ಬೆಲ್ಟ್ ಕೊಡುವುದು. ಬಿ ಬೆಲ್ಟಿಗೆ 125 ಮಿ.ಮೀ.ಗಿಂತ ಚಿಕ್ಕ ಪುಲ್ಲಿ ಒಗ್ಗುವುದಿಲ್ಲ, ಬಾಗಿ ಬಾಗಿ ಒಳಮೈ ಬಿರಿಯುತ್ತದೆ. ಅಲ್ಲಿಗೆ ಕಿರಿದಾದ ಎಸ್‌ಪಿಎ ವೆಜ್ ಬೆಲ್ಟ್ ಸರಿ. ಎಳೆತ ನೋಡಲು ಬೆಲ್ಟಿನ ನಡುವೆ ಒತ್ತಿ: ಮೀಟರ್ ಅಂತರಕ್ಕೆ 16 ಮಿ.ಮೀ. ತಗ್ಗಬೇಕು, ಅರ್ಧ ಮೀಟರಿಗೆ 8. ಒಂದು ಬೆಲ್ಟ್ ಹೋದರೆ ಎಲ್ಲವನ್ನೂ ಒಟ್ಟಿಗೆ ಬದಲಿಸಬೇಕು, ಇಲ್ಲದಿದ್ದರೆ ಹೊಸದೊಂದೇ ಇಡೀ ಭಾರ ಹೊತ್ತು ಬೇಗ ಸವೆಯುತ್ತದೆ.

ಬ್ಲೇಡನ್ನು ಯಂತ್ರದ ಸುಧಾರಣೆ ಎನ್ನಬಹುದೇ ಎಂದರೆ, ಉದ್ದಕ್ಕೆ ಸೀಳುವ ಕೆಲಸದಲ್ಲಿ ಖಂಡಿತ ಎನ್ನಬಹುದು. ನಿಮಿಷಕ್ಕೆ 10 ಮೀಟರ್ ಮರ ನೂಕಿ, 3000 ಸುತ್ತಿನಲ್ಲಿ 24 ಹಲ್ಲಿನ ಬ್ಲೇಡ್ ಓಡಿಸಿದರೆ ಒಂದೊಂದು ಹಲ್ಲು 0.14 ಮಿ.ಮೀ. ಸಿಪ್ಪೆ ತೆಗೆಯುತ್ತದೆ. ಅದೇ ಜಾಗದಲ್ಲಿ 60 ಹಲ್ಲಿನದು ಹಾಕಿದರೆ 0.056 ಮಾತ್ರ. ಅಷ್ಟು ತೆಳು ಸಿಪ್ಪೆಯಲ್ಲಿ ಹಲ್ಲು ಕಡಿಯುವುದಕ್ಕಿಂತ ಉಜ್ಜುವುದೇ ಹೆಚ್ಚು. ಮರ ಕಪ್ಪಾಗುವುದು ಅಲ್ಲಿಂದ. 'ಹಲ್ಲು ಹೆಚ್ಚಿದ್ದರೆ ನಯ' ಎಂಬ ನಂಬಿಕೆ ಅಡ್ಡ ಕೊಯ್ತಕ್ಕೆ ಸರಿ, ಸೀಳುವುದಕ್ಕೆ ತಪ್ಪು. ಅಂಚಿನಿಂದ ಒಳಕ್ಕೆ ಸೀಳುಗಂಡಿ ಇರುವ ಬ್ಲೇಡುಗಳಿಗೆ ನಮ್ಮ ಪೂರ್ಣ ಒಪ್ಪಿಗೆ ಇದೆ. ಕೊಯ್ಯುವಾಗ ಅಂಚು ಬಿಸಿಯಾಗಿ ಹಿಗ್ಗುತ್ತದೆ, ನಡುಭಾಗ ತಣ್ಣಗೇ ಇರುತ್ತದೆ. ಹಿಗ್ಗಿದ ಅಂಚಿಗೆ ಜಾಗವಿಲ್ಲದಿದ್ದರೆ ಬ್ಲೇಡ್ ಹಾವಿನಂತೆ ಹೊರಳುತ್ತದೆ. ಗಂಡಿ ಆ ಜಾಗ ಕೊಡುತ್ತದೆ. ದಿಮ್ಮಿ ಕೊಯ್ಯುವ ದೊಡ್ಡ ಉಕ್ಕಿನ ಬ್ಲೇಡುಗಳಲ್ಲಿ ನಡುಭಾಗವನ್ನು ಸುತ್ತಿಗೆಯಿಂದ ಬಡಿದು ಸಡಿಲಿಸಿ ಇಡುವುದೂ ಇದೇ ಕಾರಣಕ್ಕೆ. ಓಡುವ ವೇಗಕ್ಕೆ ಬಂದಾಗ ಅದು ನೆಟ್ಟಗಾಗುತ್ತದೆ. ಹಸಿ ಮರಕ್ಕಾದರೆ ಮೈಯ ಮೇಲೂ ಕಾರ್ಬೈಡ್ ಗೀಚುಪಟ್ಟಿ ಇರುವ ಬ್ಲೇಡ್ ಆರಿಸಿ, ಕೊಯ್ತದೊಳಗೆ ಉಬ್ಬುವ ನಾರನ್ನು ಅದು ಕೆರೆದು ಹಾಕುತ್ತದೆ.

ಈಗ ರೈವಿಂಗ್ ನೈಫ್, ಅಂದರೆ ಬ್ಲೇಡಿನ ಬೆನ್ನ ಹಿಂದೆ ನಿಲ್ಲುವ ಉಕ್ಕಿನ ತಗಡು. ಇದಿಲ್ಲದ ಯಂತ್ರದಲ್ಲಿ ಉದ್ದಕ್ಕೆ ಮರ ಸೀಳಬಾರದು ಎಂಬುದು ನಮ್ಮ ಗಟ್ಟಿ ಮಾತು. ಮರದೊಳಗೆ ಒಣಗುವಾಗ ಸೇರಿಕೊಂಡ ಬಿಗುವು ಕೊಯ್ತ ಮುಂದುವರಿದಂತೆ ಬಿಡುಗಡೆಯಾಗಿ, ಸೀಳಿದ ಎರಡು ತುಂಡುಗಳು ಬ್ಲೇಡಿನ ಹಿಂದೆ ಮತ್ತೆ ಕೂಡಿಕೊಳ್ಳಲು ನೋಡುತ್ತವೆ. ಮುಂದಿನ ಹಲ್ಲು ಮರವನ್ನು ಕೆಳಕ್ಕೆ ಒತ್ತುತ್ತದೆ, ಹಿಂದಿನ ಹಲ್ಲು ಮೇಲಕ್ಕೆ ಏರುತ್ತಿರುತ್ತದೆ. ಆ ಏರುವ ಹಲ್ಲಿಗೆ ಮರ ಸಿಕ್ಕಿತೋ, ಸೆಕೆಂಡಿಗೆ 50 ಮೀಟರ್ ಓಡುವ ಅಂಚು ಅದನ್ನು ಎತ್ತಿ ನೂಕುವವರ ಕಡೆಗೇ ಎಸೆಯುತ್ತದೆ. ತಗಡು ನಿಂತಿರುವುದು ಇದಾಗದಂತೆ.

ಬಿಡಿಯಾಗಿ ಸಿಗುವ ತಗಡುಗಳಲ್ಲಿ ಎಡವಟ್ಟು ಆಗುವುದು ದಪ್ಪದಲ್ಲಿ. ಬ್ಲೇಡಿನ ಮೈಗಿಂತ ದಪ್ಪ, ಕೊಯ್ತದ ಅಗಲಕ್ಕಿಂತ ತೆಳು, ಹೀಗಿರಬೇಕು. ಮೈ 2.2, ಕೊಯ್ತ 3.2 ಮಿ.ಮೀ. ಆದರೆ ತಗಡು 2.7ರ ಸುಮಾರು. ಕೊಯ್ತಕ್ಕಿಂತ ದಪ್ಪವಾದರೆ ಮರ ಅಲ್ಲೇ ಸಿಕ್ಕಿ ನಿಲ್ಲುತ್ತದೆ, ಬೇಸತ್ತವರು ತಗಡನ್ನೇ ಕಿತ್ತೊಗೆಯುತ್ತಾರೆ; ಅಪಘಾತದ ದಾರಿ ಅಲ್ಲಿಂದ ತೆರೆಯುತ್ತದೆ. ಮೈಗಿಂತ ತೆಳುವಾದರೆ ಮರ ಬ್ಲೇಡನ್ನೇ ಮೊದಲು ಹಿಸುಕುತ್ತದೆ, ತಗಡು ಇದ್ದೂ ಇಲ್ಲದಂತೆ. ಹಲ್ಲಿನ ತುದಿಗೂ ತಗಡಿಗೂ ನಡುವೆ 3ರಿಂದ 8 ಮಿ.ಮೀ. ಅಂತರ ಇರಲಿ, ತಗಡಿನ ಮೇಲ್ತುದಿ ಬ್ಲೇಡಿನ ನೆತ್ತಿಗಿಂತ 2–3 ಮಿ.ಮೀ. ಕೆಳಗಿರಲಿ.

ಎಲ್ಲಿ ಕಟ್ಟುತ್ತೀರಿ ಎಂಬುದು ದಪ್ಪದಷ್ಟೇ ಮುಖ್ಯ. ಟೇಬಲಿಗೆ ಬೋಲ್ಟ್ ಮಾಡುವ ತಗಡು ಬ್ಲೇಡ್ ಪೂರ್ತಿ ಮೇಲಿದ್ದಾಗ ಮಾತ್ರ ಸರಿ. ಬ್ಲೇಡ್ ಇಳಿಸಿದ ಕೂಡಲೇ ಅದು ಬೆರಳಗಲ ದೂರ ಉಳಿಯುತ್ತದೆ, ಆ ಎಡೆಯಲ್ಲೇ ಮರ ಕೂಡಿಕೊಳ್ಳುತ್ತದೆ. ಬ್ಲೇಡಿನ ಜೊತೆಗೇ ಏರಿ ಇಳಿಯುವ ಶಾಫ್ಟ್ ಹೌಸಿಂಗಿಗೆ ಕಟ್ಟುವಂಥದ್ದನ್ನೇ ಕೊಳ್ಳಿ ಅಥವಾ ಮಾಡಿಸಿ. ಕೂರಿಸಿದ ಮೇಲೆ ನೇರವಾದ ಪಟ್ಟಿಯೊಂದನ್ನು ಬ್ಲೇಡಿನ ಮೈಗೆ ಒತ್ತಿ ಹಿಂದಕ್ಕೆ ಚಾಚಿ, ಎರಡೂ ಬದಿಯಿಂದ ಫೀಲರ್ ಗೇಜ್ (ಎಡೆ ಅಳೆಯುವ ತೆಳು ತಗಡು) ಹಾಕಿ ನೋಡಿ. ತಗಡು ಸರಿಯಾಗಿ ಕೊಯ್ತದ ನಡುವಿಗೆ ಬಿದ್ದಿರಬೇಕು. ಬಾಗಿದ ತಗಡನ್ನು ಬಡಿದು ನೆಟ್ಟಗೆ ಮಾಡುವುದು ಬೇಡ, ಹೊಸದು ಹಾಕಿ.

ಗೈಡ್, ಅಂದರೆ ಫೆನ್ಸ್, ಬದಲಿಸುವವರು ಅದರ ಉದ್ದ ನೋಡಿ ಮೆಚ್ಚುತ್ತಾರೆ. ಗಟ್ಟಿ ಮರ ಸೀಳಲು ಉದ್ದ ಗೈಡ್ ಅಪಾಯಕಾರಿ. ಬಿಗುವಿರುವ ಹಲಗೆ ಸೀಳುತ್ತಾ ಹೊರಕ್ಕೆ ಬಾಗಿದಾಗ ಗೈಡಿನ ಹಿಂಭಾಗ ಅದನ್ನು ಮತ್ತೆ ಬ್ಲೇಡಿಗೆ ಒತ್ತುತ್ತದೆ. ಹಿಂದಕ್ಕೂ ಮುಂದಕ್ಕೂ ಜಾರಿಸಬಹುದಾದ, ಹಿಂತುದಿ ಬ್ಲೇಡಿನ ಮಧ್ಯ ದಾಟದಂತೆ ನಿಲ್ಲಿಸಬಹುದಾದ ಗೈಡ್ ಬೇಕು. ಪ್ಲೈವುಡ್ ಹಾಳೆಗಳಿಗೆ ಮಾತ್ರ ಪೂರ್ತಿ ಉದ್ದ. ಮುಂದೆ ಮಾತ್ರ ಹಿಡಿದುಕೊಳ್ಳುವ ಅಲ್ಯೂಮಿನಿಯಂ ಗೈಡಿನ ಹಿಂತುದಿಯನ್ನು ಹೆಬ್ಬೆರಳಿನಿಂದ ಬಲವಾಗಿ ಒತ್ತಿ ನೋಡಿ, ಕಾಲು ಮಿಲಿಮೀಟರಿಗಿಂತ ಹೆಚ್ಚು ಸರಿದರೆ ಬೇಡ. ಹೊಂದಿಸುವಾಗ ಬ್ಲೇಡಿಗೆ ಸಮಾನಾಂತರ, ಅಥವಾ ಹಿಂದುಗಡೆ 0.1 ಮಿ.ಮೀ. ಅಗಲ. ಹಿಂದುಗಡೆ ಕಿರಿದಾಗುವುದು ಮಾತ್ರ ಕೂಡದು.

ಬ್ಲೇಡ್ ಏರಿಸಿ ಇಳಿಸುವ ಡವ್‌ಟೇಲ್ ಸ್ಲೈಡ್ ಜೋಡಣೆ ಒಳ್ಳೆಯದಿದ್ದರೂ, ಹಳೆಯ ಕೀಲುತೋಳಿನ ಪಿನ್ ಮತ್ತು ಬುಷ್ ಹೊಸದಾಗಿ ಹಾಕಿಸಿದರೆ ಮುಕ್ಕಾಲು ಪಾಲು ಲಾಭ ಅಲ್ಲೇ ಸಿಗುತ್ತದೆ. ಎತ್ತರ ತೋರಿಸುವ ಡಿಜಿಟಲ್ ಅಂಕಿಫಲಕ ಬೇಡ, ಸ್ಕ್ರೂವಿನ ಸಡಿಲವನ್ನು ಅದು ಅಳೆಯುವುದಿಲ್ಲ; ಯಾವಾಗಲೂ ಕೆಳಗಿನಿಂದ ಮೇಲಕ್ಕೆ ತಂದು ನಿಲ್ಲಿಸುವ ಅಭ್ಯಾಸ ಸಾಕು.

ಪುಡಿ ಎಳೆಯುವ ಕೆಳಗವಚ ಕೊಳ್ಳುವಾಗ ಬಾಯಿಯ ಅಗಲ ಮತ್ತು ಗಾಳಿಯ ಪ್ರಮಾಣ ಒಟ್ಟಿಗೆ ನೋಡಬೇಕು. ಒಣ ಪುಡಿಗೆ ಕೊಳವೆಯಲ್ಲಿ ಗಾಳಿ ಸೆಕೆಂಡಿಗೆ 20 ಮೀಟರ್ ಓಡಬೇಕು, ಹಸಿ ಸಿಪ್ಪೆಗೆ 28. 100 ಮಿ.ಮೀ. ಕೊಳವೆಗೆ ಅದು ಒಣ ಪುಡಿಗೇ ಗಂಟೆಗೆ 565 ಘನ ಮೀಟರ್ ಆಗುತ್ತದೆ. ಮನೆ ಗುಡಿಸುವ ವ್ಯಾಕ್ಯೂಮಿಗೆ ಅದು ಆಗದ ಮಾತು. ಪುಡಿ ಕೆಳಗೆ ಗಟ್ಟಿಯಾಗಿ ತುಂಬಿದರೆ ಬ್ಲೇಡಿನ ಮೈಗೆ ತಾಗಿ ಅದನ್ನು ಬಿಸಿ ಮಾಡುತ್ತದೆ, ಮೇಲೆ ಹೇಳಿದ ಶಾಫ್ಟಿನ ಶ್ರಮವೆಲ್ಲ ವ್ಯರ್ಥ. ಉಸಿರಿನ ವಿಷಯವಂತೂ ಬೇರೆಯೇ: ಮರದ ಪುಡಿ ಕ್ಯಾನ್ಸರ್‌ಕಾರಕ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮೊದಲ ಗುಂಪಿನಲ್ಲಿ ಸೇರಿಸಿದೆ.

ಮೋಟಾರಿಗೆ ಡಿ.ಸಿ. ಬ್ರೇಕ್, ಅಂದರೆ ಏಕಮುಖ ವಿದ್ಯುತ್ ಹರಿಸಿ ಮೋಟಾರನ್ನು ತಡೆದು ನಿಲ್ಲಿಸುವ ಸಾಧನ, ಹಾಕಿಸುವುದು ಒಳ್ಳೆಯ ಖರ್ಚು. ಸ್ವಿಚ್ ಆಫ್ ಮಾಡಿದ ಮೇಲೆ ನಿಮಿಷಗಟ್ಟಲೆ ಸದ್ದಿಲ್ಲದೆ ತಿರುಗುವ ಬ್ಲೇಡ್ 10 ಸೆಕೆಂಡಿನೊಳಗೆ ನಿಲ್ಲುತ್ತದೆ. ಜೊತೆಗೊಂದು ಎಚ್ಚರಿಕೆ ಇದೆ. ಗರಗಸದ ನಟ್‌ನ ತಿರುಪು, ಬ್ಲೇಡ್ ತಿರುಗುವ ದಿಕ್ಕಿಗೆ ತಿರುಗಿಸಿದರೆ ಬಿಚ್ಚುವಂತೆ ಇರುತ್ತದೆ. ಮರದ ತಡೆ ಅದನ್ನು ಬಿಗಿಯುತ್ತಲೇ ಇರುತ್ತದೆ. ಬ್ರೇಕ್ ಹಿಡಿದಾಗ ಶಾಫ್ಟ್ ನಿಂತು ಬ್ಲೇಡ್ ಮುಂದಕ್ಕೆ ಎಳೆಯುತ್ತದೆ, ಅಂದರೆ ನಟ್ ಬಿಚ್ಚುವ ದಿಕ್ಕಿಗೆ. ಹಾಗಾಗಿ ಬ್ರೇಕ್ ಇದ್ದ ಮೇಲೆ ಹೊರ ಫ್ಲ್ಯಾಂಜಿಗೆ ಕೀ ಅಥವಾ ಪಿನ್ ಇರಲೇಬೇಕು. ಕರೆಂಟ್ ಹೋಗಿ ಬಂದಾಗ ಯಂತ್ರ ತಾನಾಗಿ ಶುರುವಾಗದಂತೆ ತಡೆಯುವ ಸ್ಟಾರ್ಟರನ್ನೂ ಅದೇ ಕೈಯಲ್ಲಿ ಹಾಕಿಸಿಬಿಡಿ. ಬೆರಳು ತಾಗಿದರೆ ಸುಮಾರು 5 ಮಿಲಿಸೆಕೆಂಡಿನಲ್ಲಿ ಬ್ಲೇಡ್ ನಿಲ್ಲಿಸುವ, ಹೊಸ ಯಂತ್ರದ ಜೊತೆಗೇ ಬರುವ ಸಾಸ್ಟಾಪ್ ತಂತ್ರ ಒಣ ಮರದ ಪೀಠೋಪಕರಣ ಕೆಲಸಕ್ಕೆ ಅಮೂಲ್ಯ. ಅದು ವಿದ್ಯುತ್ ಸಂಕೇತದ ಮೇಲೆ ನಡೆಯುವುದರಿಂದ ನೀರು ತುಂಬಿದ ಹಸಿ ಮರವನ್ನೂ ಬೆರಳೆಂದೇ ತಿಳಿಯಬಹುದು. ಹಸಿ ದಿಮ್ಮಿ ಸೀಳುವವರಿಗೆ ಅದು ಹೊಂದುವುದಿಲ್ಲ.

ಕೊನೆಯದು, ರೋಲರ್ ಫೀಡರ್. ದಿನವಿಡೀ ಒಂದೇ ಅಳತೆಯ ರೀಪು ಸೀಳುವವರಿಗೆ ಇದಕ್ಕಿಂತ ಒಳ್ಳೆಯ ಸುಧಾರಣೆ ಇಲ್ಲ, ಏಕೆಂದರೆ ಕೈ ಬ್ಲೇಡಿನ ಹತ್ತಿರಕ್ಕೇ ಹೋಗುವುದಿಲ್ಲ, ಹಲ್ಲಿಗೆ ಸಿಗುವ ಸಿಪ್ಪೆಯೂ ಒಂದೇ ದಪ್ಪ. ರೋಲರುಗಳನ್ನು ಮರದ ದಪ್ಪಕ್ಕಿಂತ 3 ಮಿ.ಮೀ. ಕೆಳಗಿಳಿಸಿ, ಮರ ಗೈಡಿಗೆ ಒತ್ತಿಕೊಂಡು ಹೋಗುವಂತೆ ಫೀಡರನ್ನು ತುಸು ಓರೆಯಾಗಿಸಿ ಬಿಗಿಯಿರಿ. ಇದರ ತೂಕ ಮತ್ತು ಒತ್ತಡ ಟೇಬಲಿನ ಒಂದು ಮೂಲೆಗೆ ಬೀಳುತ್ತದೆ. ಎರಕದ ಟೇಬಲ್ ತಡೆದುಕೊಳ್ಳುತ್ತದೆ. ತಗಡಿನ ಟೇಬಲ್ ಆದರೆ ಬೋಲ್ಟ್ ಬರುವ ಜಾಗದ ಕೆಳಗೆ ಮೊದಲು ಚಾನೆಲ್ ವೆಲ್ಡ್ ಮಾಡಿಸಿ, ವೆಲ್ಡಿಂಗ್ ಬಿಸಿಗೆ ಟೇಬಲ್ ಸೊಟ್ಟಗಾಯಿತೇ ಎಂದು ಉದ್ದ ಪಟ್ಟಿ ಇಟ್ಟು ನೋಡಿ, ಆಮೇಲೆ ತೂತು ಕೊರೆಯಿರಿ.